ತಿಪ್ಪೆಗೆ ಹಾಕಿದ್ದೆಲ್ಲ ಗೊಬ್ಬರವಲ್ಲ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷಗಳ ಲೆಕ್ಕವನ್ನು ಕಾರ್ಯದರ್ಶಿಗಳು ಈಗ ತಾನೇ ಓದಿದರು. ನಾನು ಇನ್ನೊಂದು ಲೆಕ್ಕ ಹೇಳುತ್ತೇನೆ. ಅದು ನಮ್ಮ ತಿಪ್ಪೆಯ ಲೆಕ್ಕ.

ಹಿರಿಯರ ಕಾಲದಲ್ಲಿ ತಿಪ್ಪೆಗೆ ಬೀಳುತ್ತಿದ್ದುದು ಸಗಣಿ, ಬೂದಿ, ತರಗು. ಮುಂಗಾರಿಗೆ ಮುಂಚೆ ಗಾಡಿ ತುಂಬಿ ಹೊಲಕ್ಕೆ ಹೊಡೆದರೆ ಆಯ್ತು. ಈಗ ತಿಪ್ಪೆ ಕೆದಕಿ ನೋಡಿ: ಹಾಲಿನ ಕವರು, ಶಾಂಪೂ ಚೀಟಿ, ಔಷಧಿ ಬಾಟಲಿ!

ಯಾವುದು ಎಷ್ಟು ದಿನಕ್ಕೆ ಮಣ್ಣಾಗುತ್ತದೆ? ತೇವ, ಗಾಳಿ, ಬಿಸಿಯನ್ನು ಅನುಸರಿಸಿ ಇದು ಹೆಚ್ಚು ಕಡಿಮೆ ಆಗುತ್ತದೆ. ಬಾಳೆ ಸಿಪ್ಪೆಗೆ ಕೆಲವು ವಾರ. ಕಾಗದಕ್ಕೆ ಒಂದೆರಡು ತಿಂಗಳು. ಹತ್ತಿಬಟ್ಟೆಗೆ ಕೆಲವು ತಿಂಗಳು. ತಗಡಿನ ಡಬ್ಬಿ ತುಕ್ಕು ಹಿಡಿದು ಹೋಗಲು ಹತ್ತಾರು ವರ್ಷ. ಅಲ್ಯೂಮಿನಿಯಂ ಡಬ್ಬಿಗೆ ಸುಮಾರು 200 ವರ್ಷವೆಂದು ಅಂದಾಜು. ಗಾಜಿಗೆ ಸಾವಿರಾರು ವರ್ಷ.

ಪ್ಲಾಸ್ಟಿಕ್ಕಿಗೆ ನೂರಾರು ವರ್ಷ ಎನ್ನುತ್ತಾರೆ. ಪಾಲಿಥಿನ್ ಕಂಡುಹಿಡಿದದ್ದೇ 1933ರಲ್ಲಿ, ಇಂಗ್ಲೆಂಡಿನಲ್ಲಿ. ಅದಕ್ಕಿನ್ನೂ ನೂರು ವರ್ಷವೇ ತುಂಬಿಲ್ಲ! ಹಾಗಾಗಿ ಇದೂ ಅಂದಾಜೇ. ಎಲೆ, ಸೊಪ್ಪು ಮಣ್ಣಿನ ಸೂಕ್ಷ್ಮಜೀವಿಗಳಿಗೆ ಆಹಾರ. ಪಾಲಿಥಿನ್ನಿನ ಉದ್ದನೆಯ ಅಣು ಸರಪಳಿಯನ್ನು ಅವು ಸುಲಭವಾಗಿ ಮುರಿಯಲಾರವು. ಬಿಸಿಲಿಗೆ ಅದು ಪುಡಿಯಾಗುತ್ತದೆಯೇ ಹೊರತು ಮಣ್ಣಾಗುವುದಿಲ್ಲ. ಆ ಪುಡಿ ಗೊಬ್ಬರದ ಜೊತೆ ಹೊಲ ಸೇರುತ್ತದೆ.

ಅನ್ನ ಸಮೇತ ಗಂಟು ಹಾಕಿ ಬಿಸಾಡಿದ ಕವರನ್ನು ದನ ಹಾಗೇ ನುಂಗುತ್ತದೆ. ಹೊಟ್ಟೆಯಲ್ಲಿ ಅದು ಉಂಡೆಕಟ್ಟಿ ಕೂರುತ್ತದೆ. ದನ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ಆ ಹಸು ತಂದದ್ದು ಸಂಘದ ಸಾಲದಲ್ಲೇ ಇರಬಹುದು. ಹಸು ಹೋದರೂ ಕಂತು ನಿಲ್ಲುವುದಿಲ್ಲವಲ್ಲ!

ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಬಂತು. ಒಮ್ಮೆ ಬಳಸಿ ಎಸೆಯುವ ಹಲವು ಸಾಮಾನುಗಳಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ. ಆದರೂ ಸಂತೆಗೆ ನಾವು ಕೈಬೀಸಿಕೊಂಡೇ ಹೋಗುತ್ತೇವೆ.

ಬರೀ ಸದಸ್ಯರನ್ನು ದೂರಿ ಪ್ರಯೋಜನವಿಲ್ಲ. ಸಂಘ ಮಾರುವ ರಸಗೊಬ್ಬರದ ಚೀಲವೂ ಪ್ಲಾಸ್ಟಿಕ್ಕಿನದೇ. ಬದುವಿನ ಮೇಲೆ ಬಿಟ್ಟರೆ ಎಳೆ ಎಳೆಯಾಗಿ ಮಣ್ಣು ಸೇರುತ್ತದೆ. ಆದ್ದರಿಂದ ಖಾಲಿ ಚೀಲಗಳನ್ನು ಸಂಘವೇ ವಾಪಸು ಪಡೆದು ಗುಜರಿಗೆ ಕೊಡುವ ಏರ್ಪಾಡು ಮಾಡಲಿ ಎಂದು ಆಡಳಿತ ಮಂಡಳಿಯನ್ನು ಕೋರುತ್ತೇನೆ. ಮನೆಯಲ್ಲಿ ತಾಯಂದಿರು ಹಸಿ ಕಸ, ಒಣ ಕಸ ಬೇರೆ ಮಾಡಲಿ. ಗಂಡಸರೂ ಕೈ ಜೋಡಿಸಲಿ. ಪ್ಲಾಸ್ಟಿಕ್ ಸುಡಬೇಡಿ, ಆ ಹೊಗೆ ವಿಷ.

ಸಂಘದ ಸಾಲಕ್ಕೆ ಒಂದು ಅವಧಿ ಇದೆ, ಕಟ್ಟಿದರೆ ತೀರುತ್ತದೆ. ಮಣ್ಣಿನ ಮೇಲೆ ನಾವು ಮಾಡಿದ ಈ ಸಾಲವನ್ನು ಮಾತ್ರ ಮೊಮ್ಮಕ್ಕಳು ತೀರಿಸಬೇಕಾಗುತ್ತದೆ. ಅದನ್ನು ಇನ್ನು ಬೆಳೆಸುವುದು ಬೇಡ ಎಂದು ಹೇಳಿ ನನ್ನ ಮಾತು ಮುಗಿಸುತ್ತೇನೆ.