ಮತ್ತೋಡಿನಲ್ಲಿ ನಮ್ಮ ಮೊದಲ ವರ್ಷ

ಮದುವೆಯಾದ ಮೊದಲ ವರ್ಷದ ನೆನಪುಗಳನ್ನು ಕುರಿತು ಹದಿನೈದು ನಿಮಿಷ ಮಾತನಾಡಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದರು. ಹೆಚ್ಚು ಯೋಚಿಸದೆ ಒಪ್ಪಿಕೊಂಡುಬಿಟ್ಟೆ. ಸಂಜೆ ಮನೆಯಲ್ಲಿ ಈ ಸಂಗತಿ ತಿಳಿಸಿದಾಗ ನನ್ನ ಪತ್ನಿ ಹೂ ಕಟ್ಟುತ್ತ ಕುಳಿತಿದ್ದಳು. ತಲೆಯೆತ್ತದೆಯೇ, “ಯಾರ ನೆನಪು ಹೇಳ್ತೀರಿ? ನಿಮ್ಮದೋ, ನನ್ನದೋ?” ಎಂದು ಕೇಳಿದಳು.

ನಾನು ನಕ್ಕು, ಎರಡೂ ಒಂದೇ ಅಲ್ಲವೇ ಎಂದೆ. ಅವಳು ನಗಲಿಲ್ಲ. ಆ ರಾತ್ರಿಯಿಂದ ಒಂದು ವಾರ ನಾವಿಬ್ಬರೂ ಆ ಹಳೆಯ ವರ್ಷವನ್ನು ಎದುರಿಗಿಟ್ಟುಕೊಂಡು ಕುಳಿತೆವು. ಅವು ಒಂದೇ ಅಲ್ಲವೆಂಬುದು ನನಗೆ ಗೊತ್ತಾದದ್ದು ಹಾಗೆ. ಆದ್ದರಿಂದ ಇವತ್ತು ನಾನು ಹೇಳುವುದರಲ್ಲಿ ಅರ್ಧ ಮಾತ್ರ ನನ್ನದು.

ನಮ್ಮ ಮದುವೆಯಾದದ್ದು 1976ರ ಮೇ ತಿಂಗಳಲ್ಲಿ, ನಳ ಸಂವತ್ಸರದ ವೈಶಾಖಮಾಸ. ಧಾರೆಯ ಮಂಟಪದಲ್ಲಿ ಹೆಣ್ಣಿನ ಕಡೆಯ ಅಜ್ಜಿಯೊಬ್ಬರು, “ನಳ ಸಂವತ್ಸರದ ಗಂಡಪ್ಪಾ ನೀನು, ನಮ್ಮ ಹುಡುಗೀನ ಕಾಡಲ್ಲಿ ಬಿಟ್ಟುಹೋಗಬೇಡ” ಎಂದು ಹಾಸ್ಯ ಮಾಡಿದ್ದರು. ಎಲ್ಲರೂ ನಕ್ಕಿದ್ದರು, ಎಲ್ಲರಿಗಿಂತ ಹೆಚ್ಚಾಗಿ ನಾನೇ ನಕ್ಕಿದ್ದೆ. ನನಗೆ ಇಪ್ಪತ್ತೈದು, ಅವಳಿಗೆ ಇಪ್ಪತ್ತು. ಅವಳ ತವರು ಹಿರಿಯೂರು. ನಾನು ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಕನ್ನಡದ ಮೇಷ್ಟರು. ಸಂಬಳ ನಾನೂರು ರೂಪಾಯಿಗೆ ಸ್ವಲ್ಪ ಕಡಿಮೆ. ಬಾಡಿಗೆಗೆ ಎರಡು ಅಂಕಣದ ಮನೆ, ಹಿಂದೆ ಹಿತ್ತಿಲು, ಹಿತ್ತಿಲಲ್ಲಿ ಒಂದು ತೆಂಗಿನ ಮರ.

ಆ ಹಿತ್ತಿಲಿನ ವಿಷಯ ಹೇಳಲೇಬೇಕು. ಜೂನ್ ಮೊದಲ ಮಳೆಗೆ ಮಲ್ಲಿಗೆ ಬಳ್ಳಿ ನೆಡಲೆಂದು ಅವಳು ಪಾತಿ ಅಗೆಯುತ್ತಿದ್ದಾಗ ಮಣ್ಣಿನಲ್ಲಿ ಗಾಜಿನ ಚೂರುಗಳು ಸಿಕ್ಕವು. ಕಪ್ಪು, ಹಸಿರು, ಎಲ್ಲೋ ಒಂದೆರಡು ನೀಲಿ. ಕೆಲವು ಬಳೆಯ ತುಂಡುಗಳು. ಕೆಲವು ಯಾವ ಆಕಾರವೂ ಇಲ್ಲದ, ಕರಗಿ ಹೆಪ್ಪುಗಟ್ಟಿದ ಉಂಡೆಗಳು. ಮತ್ತೋಡು ಒಂದು ಕಾಲಕ್ಕೆ ಬಳೆಯ ಊರು. ಟಿಪ್ಪುವಿನ ಪತನದ ತರುವಾಯ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಇಲ್ಲಿಗೂ ಬಂದಿದ್ದ. ಸವಳು ಮಣ್ಣಿನಿಂದ ತೆಗೆದ ಕ್ಷಾರವನ್ನು ಬಿಳಿಯ ಬೆಣಚುಕಲ್ಲಿನ ಪುಡಿಯೊಡನೆ ಬೆರೆಸಿ ಗಾಜು ಕರಗಿಸುತ್ತಿದ್ದುದನ್ನೂ, ಊರಗೋಡೆಯ ಒಳಮಗ್ಗುಲಿಗೆ ಒತ್ತಿ ಕಟ್ಟಿದ ಎತ್ತರದ ಜಗಲಿಯಲ್ಲಿದ್ದ ಗುಮ್ಮಟದಾಕಾರದ ಕುಲುಮೆಗಳನ್ನೂ ಅವನು ವರ್ಣಿಸಿದ್ದಾನೆ. ಬಳೆಗಾರರು ಕಾದ ಗಾಜಿನ ಮುದ್ದೆಯನ್ನು ಕಬ್ಬಿಣದ ಸಲಾಕೆಯಿಂದ ಎತ್ತಿ, ತೂತು ಮಾಡಿ, ಮೊನೆಯುಳ್ಳ ಮಣ್ಣಿನ ಅಚ್ಚಿನ ಮೇಲೆ ತಿರುಗಿಸಿ ಹಿಗ್ಗಿಸುವರು. ಇಲ್ಲಿನ ಬಳೆಗಳು ಐದು ಬಣ್ಣದವು: ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ. ಕಪ್ಪಿಗೇ ಹೆಚ್ಚು ಗಿರಾಕಿ. ನಾವು ಹೋಗುವ ಹೊತ್ತಿಗೆ ಊರಿನಲ್ಲಿ ಒಂದು ಕುಲುಮೆಯೂ ಉರಿಯುತ್ತಿರಲಿಲ್ಲ. ಸಂತೆಗೆ ಬರುತ್ತಿದ್ದುದು ಉತ್ತರದ ಫಿರೋಜಾಬಾದಿನ ಬಳೆ.

ಮುಖ್ಯೋಪಾಧ್ಯಾಯರ ಹತ್ತಿರವಿದ್ದ ಹಳೆಯ ಗೆಜೆಟಿಯರಿನಲ್ಲಿ ಇದನ್ನೆಲ್ಲ ಓದಿದ್ದ ನಾನು, ಮಣ್ಣಾದ ಕೈಯಲ್ಲಿ ಚೂರುಗಳನ್ನು ಹಿಡಿದು ನಿಂತಿದ್ದ ಹೊಸ ಹೆಂಡತಿಗೆ ಅಲ್ಲಿಯೇ ಒಂದು ಪಾಠ ಮಾಡಿದೆ. ಪಾಠ ಚೆನ್ನಾಗಿಯೇ ಆಯಿತೆಂದು ನನ್ನ ನೆನಪು. ಅವಳು ಪೂರ್ತಿ ಕೇಳಿ, “ಈ ಬಳೆ ಯಾರು ತೊಟ್ಟಿದ್ದರು ಅಂತ ಆತ ಬರೆದಿದಾನಾ?” ಎಂದಳು. ಇಲ್ಲವೆಂದೆ. ಅವಳು ಚೂರುಗಳನ್ನು ತೊಳೆದು ಒಂದು ಹಾರ್ಲಿಕ್ಸ್ ಸೀಸೆಯಲ್ಲಿ ತುಂಬಿಟ್ಟಳು. ಒಡೆದ ಬಳೆಯನ್ನು ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು ಎಂದು ನನಗೆ ತಿದ್ದಿ ಹೇಳಿದ್ದೂ ಆವತ್ತೇ. ಭಾಷೆಯನ್ನು ಕಲಿಸುವವನು ನಾನು. ಅವಳಿಂದ ಕಲಿತ ಮೊದಲ ಮಾತು ಅದು.

ನಾವಿಬ್ಬರೂ ಆಗ ಒಬ್ಬರಿಗೊಬ್ಬರು ಹೊಸಬರು. ಇದನ್ನು ಇಂದಿನ ತರುಣರಿಗೆ ತಿಳಿಸಿ ಹೇಳುವುದು ಕಷ್ಟ. ಹೆಸರು ಹಿಡಿದು ಕರೆಯುವಂತಿಲ್ಲ. ಅವಳು “ರೀ” ಎನ್ನಲೂ ನಾಚುತ್ತಿದ್ದಳು, ನಾನು ಕೆಮ್ಮುತ್ತಿದ್ದೆ. ಮನೆಯ ಬಾವಿಯ ನೀರು ಗಡಸು, ಅದರಲ್ಲಿ ಬೇಳೆ ಬೇಯದು. ಊರಾಚೆಯ ಸಿಹಿನೀರ ಬಾವಿಯಿಂದ ಅವಳು ಎರಡು ಬಿಂದಿಗೆ ಹೊತ್ತು ತರುತ್ತಿದ್ದಳಂತೆ. “ತರುತ್ತಿದ್ದಳಂತೆ” ಎನ್ನುತ್ತೇನೆ, ಏಕೆಂದರೆ ನನಗೆ ನೆನಪಿರುವುದು ಬೇಳೆ ಬೆಂದಿತ್ತು ಎನ್ನುವುದಷ್ಟೇ.

ಹೀಗೆ ತಿಂಗಳು ಕಳೆಯುವಷ್ಟರಲ್ಲಿ ಆಷಾಢ ಬಂತು. ಹೊಸದಾಗಿ ಮದುವೆಯಾದ ಹೆಣ್ಣು ಆಷಾಢದಲ್ಲಿ ತವರಿಗೆ ಹೋಗುವುದು ನಮ್ಮ ಕಡೆಯ ಸಂಪ್ರದಾಯ. ಅತ್ತೆ ಸೊಸೆ ಒಂದೇ ಹೊಸ್ತಿಲು ತುಳಿಯಬಾರದು, ಅಳಿಯ ಅತ್ತೆಯ ಮನೆಯ ಹೊಸ್ತಿಲು ದಾಟಬಾರದು. ಆಷಾಢದಲ್ಲಿ ಬಸಿರು ನಿಂತರೆ ಹೆರಿಗೆ ಬೇಸಗೆಯ ಉರಿಬಿಸಿಲಿಗೆ ಬರುತ್ತದೆ ಎಂಬುದು ಒಂದು ಕಾರಣ. ಬಿತ್ತನೆಯ ಕಾಲದಲ್ಲಿ ಗಂಡಸು ಹೊಲದಲ್ಲಿರಲಿ ಎಂಬುದು ಇನ್ನೊಂದು ಎಂದು ಹೇಳುವವರಿದ್ದಾರೆ. ನನಗೆ ಹೊಲವೂ ಇರಲಿಲ್ಲ, ಮನೆಯಲ್ಲಿ ತಾಯಿಯೂ ಇರಲಿಲ್ಲ. ಆದರೂ ಭಾವಮೈದುನ ಬಂದು ಕರೆದುಕೊಂಡು ಹೋದ. ಬಸ್ಸು ಹೊರಟಾಗ ಕಿಟಕಿಯಲ್ಲಿ ಹಸಿರು ಬಳೆಯ ಕೈ ಕಂಡದ್ದು ನನ್ನ ನೆನಪು. ಬಸ್ಸು ಹೊರಡುವ ಮೊದಲೇ ನಾನು ತಿರುಗಿ ನಡೆದೆನೆಂಬುದು ಅವಳ ನೆನಪು.

ಎರಡು ವಾರದ ಮೇಲೆ ಒಂದು ಇನ್‌ಲ್ಯಾಂಡ್ ಕಾಗದ ಬಂತು, ಪೆನ್ಸಿಲಿನಲ್ಲಿ ಬರೆದದ್ದು. ಜ್ವರ ಬಂದಿದೆ, ವಿಷಮಶೀತವಂತೆ, ಮನೆಯಲ್ಲಿ ಯಾರಿಗೂ ತಿಳಿಸದೆ ತಮ್ಮನ ಕೈಯಲ್ಲಿ ಅಂಚೆಗೆ ಹಾಕಿಸುತ್ತಿದ್ದೇನೆ ಎಂದಿತ್ತು. ಕೊನೆಯಲ್ಲಿ ಎರಡೇ ಪದ: ಬಂದು ಹೋಗಿ.

ಹಿರಿಯೂರು ದೂರವೇನಲ್ಲ. ಬೆಳಗಿನ ಬಸ್ಸು ಹಿಡಿದು ಹೊರಟರೆ, ನಡುವೆ ಬಸ್ಸು ಬದಲಾಯಿಸಿದರೂ, ಮಧ್ಯಾಹ್ನದೊಳಗೆ ಸೇರಬಹುದಾದ ಊರು. ನಾನು ಹೋಗಲಿಲ್ಲ. ಶಾಲೆಯಲ್ಲಿ ಸಹೋದ್ಯೋಗಿಗಳು ಏನೆಂದಾರು, ಆಷಾಢದಲ್ಲಿ ಹೆಂಡತಿಯ ಹಿಂದೆ ಓಡಿದ ಎಂದು ಮಾವನ ಮನೆಯವರು ಏನೆಂದಾರು ಎಂಬುದೇ ನನ್ನ ದೊಡ್ಡ ಚಿಂತೆಯಾಗಿತ್ತು. ಕಾಗದ ಬರೆದೆ. ಅದನ್ನೂ ಅವಳಿಗಲ್ಲ, ಮಾವನವರಿಗೆ. ತೀರ್ಥರೂಪು ಸಮಾನರಾದ ಮಾವನವರ ಪಾದಾರವಿಂದಗಳಲ್ಲಿ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕ್ಷೇಮ, ಅತ್ತಣ ಕ್ಷೇಮಕ್ಕೆ ಬರೆಯುವುದು. ಇಲ್ಲಿ ಮಳೆ ಸಾಧಾರಣ. ಅವಳು ಗುಟ್ಟಾಗಿ ಬರೆದದ್ದನ್ನು ಬಯಲು ಮಾಡಬಾರದೆಂಬ ಜಾಣತನದಿಂದ ಜ್ವರದ ಮಾತೇ ಎತ್ತಲಿಲ್ಲ. ಕಟ್ಟಕಡೆಗೆ, ಚಿರಂಜೀವಿ ಸೌಭಾಗ್ಯವತಿಗೆ ಆಶೀರ್ವಾದ ಎಂದು ಸೇರಿಸಿದೆ. ಮಾವನವರು ಆ ಕಾಗದವನ್ನು ಅವಳ ಹಾಸಿಗೆಯ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಓದಿದರಂತೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಮದುವೆಯಲ್ಲಿ ಗೆಳೆಯರು ನಮಗೆ ಕೊಟ್ಟ ಉಡುಗೊರೆಗಳಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಇತ್ತು. 1942ರಲ್ಲಿ ಪ್ರಕಟವಾದ ಆ ಪುಸ್ತಕವಿಲ್ಲದೆ ನಮ್ಮ ಕಾಲದ ಮದುವೆಗಳು ನಡೆಯುತ್ತಿರಲಿಲ್ಲವೆಂದರೂ ಸರಿಯೇ. ಅದರಲ್ಲಿ ಬಳೆಗಾರನೊಬ್ಬ ಹೆಂಡತಿಯ ತವರಿನಿಂದ ಗಂಡನ ಬಾಗಿಲಿಗೆ ಸುದ್ದಿ ತರುವ ಪದ್ಯವಿದೆ. ಅದೇ ಆಷಾಢದಲ್ಲಿ, ಪೆನ್ಸಿಲಿನ ಕಾಗದ ಅಂಗಿಯ ಜೇಬಿನಲ್ಲಿರುವಾಗಲೇ, ಹತ್ತನೆಯ ತರಗತಿಯ ಮಕ್ಕಳಿಗೆ ನಾನು ಆ ಪದ್ಯವನ್ನು ರಾಗವಾಗಿ ಓದಿ, ವಿರಹವೆಂದರೇನೆಂದು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳ ಕಣ್ಣು ಒದ್ದೆಯಾಗಿತ್ತು. ನನ್ನ ಪಾಠದ ಬಗ್ಗೆ ನನಗೆ ಬಹಳ ಹೆಮ್ಮೆಯಾಯಿತು.

ಜುಲೈ ಕೊನೆಗೆ ಭೀಮನ ಅಮಾವಾಸ್ಯೆ ಬಂತು. ಅಂದು ಹೊಸ ಅಳಿಯನನ್ನು ಕರೆಯುವುದು ಪದ್ಧತಿ. ಹೆಣವಾಗಿದ್ದ ರಾಜಕುಮಾರನಿಗೆ ಮದುವೆ ಮಾಡಿಕೊಟ್ಟ ಬಡ ಬ್ರಾಹ್ಮಣನ ಮಗಳು, ಮಣ್ಣಿನ ದೀಪ ಹಚ್ಚಿ ಪೂಜಿಸಿ ಗಂಡನ ಪ್ರಾಣ ಮರಳಿ ಪಡೆದ ವ್ರತಕಥೆ ಎಲ್ಲರಿಗೂ ತಿಳಿದದ್ದೇ. ನಾನು ಹೊಸ ಪಂಚೆ ಉಟ್ಟು ಮಣೆಯ ಮೇಲೆ ಕುಳಿತೆ. ಅವಳು ಬಂದು ನನ್ನ ಪಾದ ತೊಳೆದು ಪೂಜೆ ಮಾಡಿದಳು. ಈ ಗಳಿಗೆ ನನ್ನ ಮನಸ್ಸಿನಲ್ಲಿ ಚಿತ್ರ ಬರೆದಂತೆ ಉಳಿದಿದೆ: ಬಾಗಿದ ತಲೆ, ದೀಪದ ಬೆಳಕು, ಬೆಳ್ಳಗಾಗಿದ್ದ ಕೈ, ಹಸಿರು ಬಳೆಗಳ ನಡುವೆ ಸುತ್ತಿದ ಅರಿಸಿನದ ದಾರ. ಭೀಮೇಶ್ವರ ವ್ರತದಲ್ಲಿ ಒಂಬತ್ತು ಗಂಟಿನ ದಾರ ಕಟ್ಟಿಕೊಳ್ಳುತ್ತಾರಲ್ಲವೇ, ಅದೇ ಅದು ಎಂದುಕೊಂಡೆ. ಆ ಹಳದಿ ದಾರವನ್ನು ನಾನು ಎಷ್ಟು ಜನರ ಮುಂದೆ ವರ್ಣಿಸಿದ್ದೇನೋ ಲೆಕ್ಕವಿಲ್ಲ. ನನ್ನ ನಿವೃತ್ತಿಯ ದಿನ ಹೇಳಿದೆ, ಸೊಸೆ ಮನೆಗೆ ಬಂದಾಗ ಹೇಳಿದೆ. 2022ರ ಸೆಪ್ಟೆಂಬರಿನಲ್ಲಿ, 1933ರ ತರುವಾಯ ಮೊದಲ ಬಾರಿಗೆ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ, ಮೊಮ್ಮಕ್ಕಳನ್ನು ಕರೆದುಕೊಂಡು ನೋಡಲು ಹೋಗಿದ್ದೆವು; ಆ ನೀರಿನ ಮುಂದೆಯೂ ಹೇಳಿದೆ. ಅವಳು ಪ್ರತಿ ಬಾರಿಯೂ ಸುಮ್ಮನಿದ್ದಳು.

ಹೋದ ವಾರ ಮಾತ್ರ, ಈ ಭಾಷಣದ ಸಲುವಾಗಿ, ಸುಮ್ಮನಿರಲಿಲ್ಲ.

ಅದು ವ್ರತದ ದಾರ ಮಾತ್ರವಲ್ಲವಂತೆ. ಜ್ವರದಲ್ಲಿ ಕೈ ಎಷ್ಟು ಸೊರಗಿತ್ತೆಂದರೆ ಮದುವೆಯಲ್ಲಿ ತೊಡಿಸಿದ ಬಳೆಗಳು ಮಲಗಿದಲ್ಲೇ ಒಂದೊಂದಾಗಿ ಜಾರಿ ಬೀಳುತ್ತಿದ್ದವು. ಮದುವೆಯಾದ ವರ್ಷವೇ ಮಗಳ ಕೈ ಬರಿದಾಗುವುದನ್ನು ಕಂಡು ಅತ್ತೆಯವರು ಹೆದರಿದರು. ಒಂದು ರಾತ್ರಿ ದಾರಕ್ಕೆ ಅರಿಸಿನ ಹಚ್ಚಿ, ಎಲ್ಲ ಬಳೆಗಳನ್ನೂ ಸೇರಿಸಿ ಮಣಿಕಟ್ಟಿಗೆ ಬಿಗಿದು ಕಟ್ಟಿದರು. ಕಟ್ಟುವಾಗ ಅಳುತ್ತಿದ್ದರು. ಹಬ್ಬದ ದಿನ ಅದರ ಮೇಲೆಯೇ ವ್ರತದ ಎಳೆಯನ್ನೂ ಸುತ್ತಿದ್ದರು. “ನೀವು ದಾರ ನೋಡಿದಿರಿ, ಯಾಕೆ ಅಂತ ಕೇಳ್ತೀರೇನೋ ಅಂದ್ಕೊಂಡೆ. ಚೆನ್ನಾಗಿದೆ ಅಂದಿರಿ” ಎಂದಳು.

ಅದನ್ನು ಮೊದಲು ಕೇಳಿದವನು ಬೇರೊಬ್ಬ. ಶ್ರಾವಣದಲ್ಲಿ ಅವಳು ಮತ್ತೋಡಿಗೆ ಮರಳಿದ ಮೇಲೆ, ಗೌರಿಹಬ್ಬದ ಮುಂಚೆ, ಮಲಾರ ಹೊತ್ತ ಮುದುಕ ಬಳೆಗಾರ ನಮ್ಮ ಜಗಲಿಗೆ ಬಂದ. ನನಗೆ ನೆನಪಿರುವುದು ನಾನು ಚೌಕಾಸಿ ಮಾಡದೆ ಎರಡು ಡಜನ್ ಬಳೆ ಕೊಡಿಸಿದ ಔದಾರ್ಯ. ಅವಳು ಹೇಳುವುದು ಇದು: ಬಳೆಯ ಅಳತೆಯನ್ನು ಅಂಗುಲಕ್ಕೆ ಹದಿನಾರು ಪಾಲು ಮಾಡಿ ಹೇಳುತ್ತಾರೆ. ಮದುವೆಯಲ್ಲಿ ಅವಳದು ಎರಡು-ಆರು, ಎಂದರೆ ಎರಡು ಅಂಗುಲದ ಮೇಲೆ ಆರು ಪಾಲು. ಮುದುಕ ಕೈ ಹಿಡಿದು, ಬೆರಳುಗಳನ್ನು ಕೂಡಿಸಿ ಅದುಮಿ ನೋಡಿ, ಎರಡು-ನಾಲ್ಕರ ಕಟ್ಟು ತೆಗೆದ. ತೊಡಿಸಿದ ಮೇಲೂ ಕೈ ಬಿಡದೆ, “ಕಾಯಿಲೆ ಬಿದ್ದಿದ್ಯಾ ತಾಯಿ? ಹೆಬ್ಬೆರಳಿನ ಬುಡದಾಗೆ ಮಾಂಸವೇ ಇಲ್ಲವಲ್ಲ” ಎಂದ. ಅವಳ ಕಣ್ಣಲ್ಲಿ ನೀರು ಬಂತು. ನಾನು ಜಗಲಿಯ ಮೇಲೆಯೇ ಪತ್ರಿಕೆ ಓದುತ್ತಿದ್ದೆನಂತೆ, ಇರಬೇಕು.

ಆ ವರ್ಷದಲ್ಲಿ ಸಂತೋಷವೇ ಇರಲಿಲ್ಲವೆಂದು ನೀವು ತಿಳಿಯಬಾರದು. ಅವಳೇ ಈ ಮಾತನ್ನು ಬರೆಯಲು ಹೇಳಿದ್ದಾಳೆ. ಕಾರ್ತಿಕದಲ್ಲಿ ಹಾಲುರಾಮೇಶ್ವರಕ್ಕೆ ಹೋಗಿದ್ದೆವು. ಅಲ್ಲಿಯ ಕೊಳದ ಮುಂದೆ ಬೇಡಿಕೊಂಡು ಕುಳಿತರೆ ಗಂಗಮ್ಮ ಹಣ್ಣು, ಬಳೆ, ಅರಿಸಿನ ಹೀಗೆ ಏನಾದರೊಂದನ್ನು ನೀರಿನ ಮೇಲಕ್ಕೆ ಕಳಿಸುತ್ತಾಳೆಂದು ಜನರ ನಂಬಿಕೆ. ಬಹಳ ಹೊತ್ತು ಕುಳಿತೆವು. ಬಂದದ್ದು ವೀಳ್ಯದೆಲೆಯೆಂದು ನಾನು, ಅರಿಸಿನದ ಕೊಂಬೆಂದು ಅವಳು. ಈ ವಿವಾದ ಇನ್ನೂ ಇತ್ಯರ್ಥವಾಗಿಲ್ಲ. ಹಿಂದಿರುಗುವಾಗ ಬಸ್ಸು ಸಿಗದೆ ಎತ್ತಿನ ಗಾಡಿಯಲ್ಲಿ ಬಂದೆವು. ಕತ್ತಲಲ್ಲಿ ಮೊದಲ ಬಾರಿಗೆ ಅವಳು ನನ್ನನ್ನು “ರೀ” ಎಂದು ಕರೆದಳು. ಇದು ಮಾತ್ರ ಇಬ್ಬರ ನೆನಪಿನಲ್ಲೂ ಒಂದೇ ರೀತಿ ಇದೆ. ಗಾಡಿಯವನು ತನ್ನನ್ನೇ ಕರೆದರೆಂದು ತಿಳಿದು ಓಗೊಟ್ಟದ್ದೂ ಕೂಡ.

1977ರ ಮಾರ್ಚಿನಲ್ಲಿ ಯುಗಾದಿ ಬಂದು ನಳ ಸಂವತ್ಸರ ಮುಗಿಯಿತು. ಆ ಜೂನಿನಲ್ಲಿ ನನಗೆ ವರ್ಗವಾಗಿ ಮತ್ತೋಡು ಬಿಟ್ಟೆವು. ಮಲ್ಲಿಗೆ ಬಳ್ಳಿ ಆಗ ತಾನೇ ಮೊಗ್ಗು ಹಿಡಿದಿತ್ತು. ಗಾಜಿನ ಚೂರುಗಳ ಸೀಸೆ ನಮ್ಮೊಡನೆ ಆರು ಊರು ಸುತ್ತಿ, ಈಗ ನಮ್ಮ ದೇವರ ಗೂಡಿನ ಕೆಳಗಿನ ತಟ್ಟೆಯಲ್ಲಿದೆ.

ಈ ಬರಹವನ್ನು ನಿನ್ನೆ ರಾತ್ರಿ ಅವಳಿಗೆ ಓದಿ ತೋರಿಸಿದೆ. ಜ್ವರ ಹನ್ನೊಂದು ದಿನ ಇತ್ತೆಂದು ಬರೆದುಕೊಂಡಿದ್ದೆ. ಹೂವಿನ ದಾರವನ್ನು ಹಲ್ಲಿನಲ್ಲಿ ಕಡಿದು, “ಹನ್ನೊಂದಲ್ಲ, ಹದಿನೇಳು” ಎಂದಳು. ಆ ವಾಕ್ಯವನ್ನು ಮೇಲಿನಿಂದ ಹೊಡೆದು ಹಾಕಿ, ಇಲ್ಲಿ ತಿದ್ದಿ ಬರೆದಿದ್ದೇನೆ: ಹದಿನೇಳು ದಿನ.