ಗರಿ ಹಿಡಿದ ಸಲೀಂ

‘ಮೊಘಲ್-ಎ-ಆಜಮ್’ ಮಾತು ಬಂದಲ್ಲೆಲ್ಲ ಒಂದು ತಕರಾರು ಏಳುತ್ತದೆ: ದಿಲೀಪ್ ಕುಮಾರ್ ಅದರಲ್ಲಿ ಸಪ್ಪೆ. ಅಕ್ಬರನಾಗಿ ಪೃಥ್ವಿರಾಜ್ ಕಪೂರ್ ಗುಡುಗುತ್ತಾರೆ, ಮಧುಬಾಲಾ ಸರಪಳಿ ಹೊತ್ತೇ ಬಾದಶಹನಿಗೆ ಎದುರು ನಿಲ್ಲುತ್ತಾರೆ. ಸಲೀಮನಾದ ದಿಲೀಪರದು ಮಾತ್ರ ತಗ್ಗಿದ ದನಿ. ಆ ಸಾಲಿನ ಫಿಲ್ಮ್‌ಫೇರ್ ಕೂಡ ದಿಲೀಪರಿಗೆ ಶ್ರೇಷ್ಠ ನಟ ಪ್ರಶಸ್ತಿ ಕೊಟ್ಟದ್ದು ‘ಕೊಹಿನೂರ್’ ಚಿತ್ರಕ್ಕೆ!

ನಿರ್ದೇಶಕ ಕೆ. ಆಸಿಫ್ ವರ್ಷಗಟ್ಟಲೆ ಹೆಣಗಿದ್ದು, 1960ರ ಆಗಸ್ಟ್ 5ರಂದು ಚಿತ್ರ ತೆರೆಕಂಡದ್ದು, ಶೀಷ್‌ಮಹಲಿನ ವೈಭವ ಎಲ್ಲರಿಗೂ ಬಾಯಿಪಾಠ. ಅದಿರಲಿ.

ತಕರಾರಿಗೆ ಉತ್ತರ ಗರಿಯ ದೃಶ್ಯದಲ್ಲಿದೆ. ತಾನ್‌ಸೇನನ ಪಾತ್ರಕ್ಕೆ ಬಡೇ ಗುಲಾಂ ಅಲಿ ಖಾನರ ಕಂಠ, ರಾಗ ಸೋಹನಿ. ಬೆಳಕು ಹರಿಯುವ ಮುನ್ನ ಹಾಡುವ ರಾಗವದು. ಪ್ರೇಮಿಗಳ ಈ ಭೇಟಿಗೆ ಇನ್ನು ಹೆಚ್ಚು ಹೊತ್ತಿಲ್ಲ ಎಂಬುದು ಬಲ್ಲವರಿಗೆ ರಾಗದಲ್ಲೇ ತಿಳಿಯುತ್ತದೆ. ಮಧುಬಾಲಾ ಮುಖ ಪರದೆ ತುಂಬುತ್ತದೆ. ಸಲೀಂ ಬಿಳಿ ಗರಿಯೊಂದನ್ನು ಆ ಮುಖದ ಮೇಲೆ ಆಡಿಸುತ್ತಾನೆ, ಅಷ್ಟೇ. ದಿಲೀಪ್ ಇಲ್ಲಿ ಹುಬ್ಬೊಂದನ್ನು ಹೆಚ್ಚಿಗೆ ಕುಣಿಸಿದ್ದರೂ ನಮ್ಮ ಕಣ್ಣು ಅತ್ತ ಹೊರಳಿ ಆ ಮುಖ ಕೈತಪ್ಪುತ್ತಿತ್ತು. ಒಳ್ಳೆಯ ತಬಲಾ ಸಾಥಿಯ ಹಾಗೆ ಅವರು ಠೇಕಾ ಹಿಡಿದು ಕೂತಿದ್ದಾರೆ.

ನಾಟಕ ಕಲಿಸುತ್ತಿದ್ದ ಹಳೆಯ ಮೇಷ್ಟ್ರುಗಳು ಇದನ್ನು ಒಪ್ಪುತ್ತಿರಲಿಲ್ಲ, ಬಿಡಿ. ಕೊನೆಯ ಬೆಂಚಿಗೆ ಕೇಳಿಸದ ಮಾತು ಮಾತೇ ಅಲ್ಲ ಎಂದು ಗದರುತ್ತಿದ್ದವರು ಅವರು. ಕಂಪನಿ ನಾಟಕದ ಆ ಪಾಠದಲ್ಲಿ ಪೃಥ್ವಿರಾಜರಿಗೇ ಪೂರ್ತಿ ಅಂಕ. ಇನ್ನೂ ಒಂದು ಮಾತು: ಅಕ್ಬರನ ಗುಡುಗಿಲ್ಲದಿದ್ದರೆ ಸಲೀಮನ ಪಿಸುಮಾತಿಗೆ ಇಷ್ಟು ಬೆಲೆ ಬರುತ್ತಿತ್ತೇ ಎಂಬುದೂ ಅನುಮಾನ.

ಗರಿಯ ದೃಶ್ಯದ ಚಿತ್ರೀಕರಣದ ಹೊತ್ತಿಗೆ ತಾವೂ ಮಧುಬಾಲಾ ಅವರೂ ಮಾತು ಬಿಟ್ಟಿದ್ದೆವೆಂದು ದಿಲೀಪ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ‘ನಯಾ ದೌರ್’ ಚಿತ್ರದ ಮೊಕದ್ದಮೆಯೂ ಇಬ್ಬರನ್ನೂ ಕೋರ್ಟಿನಲ್ಲಿ ಎದುರುಬದುರು ನಿಲ್ಲಿಸಿತ್ತು. ಹಾಗಾದರೆ ಸಲೀಮನ ಆ ಸಂಯಮ ನಟನ ಲೆಕ್ಕಾಚಾರವೋ, ಮುನಿಸಿಕೊಂಡ ಮನುಷ್ಯ ಕಾಯ್ದುಕೊಂಡ ದೂರವೋ? ಈ ಮುನಿಸಿನ ಸಂಗತಿ ಗೊತ್ತಿರದ ಪ್ರೇಕ್ಷಕ ಅಲ್ಲಿ ಕಾಣುವುದೇನು? ಖಾನ್ ಸಾಹೇಬರ ಸೋಹನಿಯನ್ನು ತೆಗೆದಿಟ್ಟು ನೋಡಿದರೆ, ದಿಲೀಪರ ಪರ ಹೂಡಿದ ಈ ವಾದ ಎಷ್ಟರ ಮಟ್ಟಿಗೆ ನಿಂತೀತು?