ತೊಟ್ಟಿಯ ನೀರನ್ನು ಕಾಯುವವರು
(ಗಿರಣಿ ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಯಂತ್ರದ ವಿಷಯ ಮಾತಾಡಿ ಎಂದಿರಿ. ಮಗ್ಗದ ಯಂತ್ರ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದ್ದರಿಂದ ಆಸ್ಟ್ರೇಲಿಯಕ್ಕೆ ಹೋಗೋಣ.

ಅಲ್ಲಿ ಅನ್ನಾ ಕ್ರೀಕ್ ಎಂಬ ಒಂದು ದನದ ಕಾವಲು ಇದೆ. ವಿಸ್ತಾರ 23,000 ಚದರ ಕಿಲೋಮೀಟರಿಗೂ ಮೇಲೆ. ಇಸ್ರೇಲ್ ದೇಶಕ್ಕಿಂತ ದೊಡ್ಡದು. ಊರೊಟ್ಟಿನ ಗೋಮಾಳವೆಂದು ತಿಳಿಯಬೇಡಿ, ಒಬ್ಬ ಧಣಿಯ ಗುತ್ತಿಗೆ. ಇಂಥ ಒಣ ಸೀಮೆಗಳಲ್ಲಿ ದನಕ್ಕೆ ಬೋರಿನ ನೀರೇ ಗತಿ. ಬೋರಿನಿಂದ ತೊಟ್ಟಿಗೆ, ತೊಟ್ಟಿಯಿಂದ ಕೊಳವೆಯಲ್ಲಿ ಬಾನಿಗೆ. ಸುಡುಬೇಸಗೆಯಲ್ಲಿ ಒಂದು ದನ ದಿನಕ್ಕೆ 50 ಲೀಟರಿಗೂ ಹೆಚ್ಚು ಕುಡಿಯುತ್ತದೆ. ಕೊಳವೆ ಒಡೆದದ್ದು ಕೆಲವು ದಿನ ತಿಳಿಯದಿದ್ದರೆ ಮಂದೆಗೆ ಮಂದೆಯೇ ಸತ್ತೀತು.

ಹಾಗಾಗಿ ಬೋರಿನಿಂದ ಬೋರಿಗೆ ನೂರಾರು ಕಿಲೋಮೀಟರ್ ವಾಹನದಲ್ಲಿ ತಿರುಗುವುದೇ ಒಬ್ಬಾಳಿನ ಕೆಲಸ. ಈಗ ತೊಟ್ಟಿಯ ತಳದಲ್ಲಿ ನೀರಿನ ಒತ್ತಡ ಅಳೆಯುವ ಉಪಕರಣ ಇಡುತ್ತಾರೆ. ನೀರು ಇಳಿದರೆ ಒತ್ತಡವೂ ಇಳಿಯುತ್ತದೆ. ಬಿಸಿಲಿನಿಂದ ವಿದ್ಯುತ್ತು, ಉಪಗ್ರಹದ ಮೂಲಕ ಸುದ್ದಿ. ಧಣಿ ಮನೆಯಲ್ಲೇ ಕೂತು ಫೋನಿನಲ್ಲಿ ನೋಡುತ್ತಾನೆ.

ನಾನು ಇದನ್ನು ಹಳಿಯುವವನಲ್ಲ. ಸೋರಿಕೆ ಅದೇ ದಿನ ತಿಳಿಯುತ್ತದೆ, ಡೀಸೆಲ್ ಉಳಿಯುತ್ತದೆ, ಬೆಂಗಾಡಿನಲ್ಲಿ ಗಾಡಿ ಕೆಟ್ಟು ಆಳು ಒಂಟಿಯಾಗಿ ಸಿಕ್ಕಿಬೀಳುವುದು ತಪ್ಪುತ್ತದೆ. ಆದರೆ ಒಂದು ಮಾತು ಕೇಳಿ. ತೊಟ್ಟಿಗೂ ಬಾನಿಗೂ ನಡುವೆ ಕೊಳವೆ ಕಟ್ಟಿಕೊಂಡಿತೆನ್ನಿ. ದನ ನೀರಿಲ್ಲದೆ ಒದ್ದಾಡುತ್ತದೆ, ತೊಟ್ಟಿ ಮಾತ್ರ ತುಂಬಿಯೇ ಇರುತ್ತದೆ. ಫೋನು ಏನು ಹೇಳುತ್ತದೆ? ಎಲ್ಲವೂ ಸರಿಯಾಗಿದೆ ಎಂದು! ಬಲ್ಲವರು ಬಾನಿಗೂ ಒಂದು ಉಪಕರಣ ಹಾಕುತ್ತಾರೆ. ಉಪಕರಣ ಸುಮ್ಮನಿದ್ದರೆ ನೀರಿದೆಯೆಂದಲ್ಲ, ಬ್ಯಾಟರಿ ಸತ್ತಿರಲೂಬಹುದು. ಅದಕ್ಕಾಗಿ ಹೊತ್ತುಹೊತ್ತಿಗೆ ವರದಿ ಬರುವಂತೆ ಮಾಡಿರುತ್ತಾರೆ. ಅಷ್ಟಾದರೂ ಒಬ್ಬ ಹೋಗಿ ಕಣ್ಣಾರೆ ನೋಡಲೇಬೇಕು.

ಆ ಒಬ್ಬನ ಕೂಲಿಯ ಕಥೆ ಹಳೆಯದು. 1966ರಲ್ಲಿ ವೇವ್ ಹಿಲ್ ಕಾವಲಿನಲ್ಲಿ ಗುರಿಂಜಿ ಮೂಲನಿವಾಸಿಗಳು ವಿನ್ಸೆಂಟ್ ಲಿಂಗಿಯಾರಿಯ ಮುಂದಾಳತನದಲ್ಲಿ ಕೆಲಸ ಬಿಟ್ಟು ಹೊರನಡೆದರು. ಸಮಾನ ಕೂಲಿಯ ತೀರ್ಪು ಅದೇ ವರ್ಷ ಬಂದಿತ್ತು, ಆದರೆ ಜಾರಿ 1968ರ ಡಿಸೆಂಬರಿಗೆ! ಕೂಲಿ ಕೊಡಬೇಕಾಗಿ ಬಂದಾಗ ಎಷ್ಟೋ ಧಣಿಗಳು ಸಂಸಾರ ಸಮೇತ ಅವರನ್ನು ಹೊರಗಟ್ಟಿದರು. ದನ ಅಟ್ಟಲು ಮೋಟಾರ್ ಸೈಕಲ್ಲು, ಹೆಲಿಕಾಪ್ಟರು ಬಂದವು. ನೀರಿನ ಉಪಕರಣ ಬಂದದ್ದು ಬಹಳ ತರುವಾಯ. ಅದರ ಮೇಲೆ ಆ ಪಾಪ ಹೊರಿಸಲಾರೆ. ಆದರೆ ಉಳಿದ ಡೀಸೆಲಿನ ಹಣ ಯಾರ ಕಿಸೆಗೆ? ನಡುರಾತ್ರಿ ಫೋನು ಕೂಗಿದಾಗ ಎದ್ದು ಓಡುವ ಆಳಿಗೆ ಆ ಹೊತ್ತಿನ ಕೂಲಿ ಉಂಟೋ? ಹೊಸ ಯಂತ್ರ ಕಂಡ ನೀವು ಇದನ್ನು ಬಲ್ಲಿರಿ. ಈಗ ನಿಮ್ಮ ಮಾತು ಕೇಳೋಣ.